ಹಳದಿ ಚೀಲದ ಹನುಮವ್ವ

ಹನುಮವ್ವ ಕೂತದ್ದನ್ನು ನಾನು ಮೂರೂವರೆ ವರ್ಷದಲ್ಲಿ ನೋಡಿದ್ದು ಎರಡೇ ಸಲ. ಒಮ್ಮೆ ಕಾಲಿಗೆ ಔಷಧಿ ಬಾಟಲಿಯ ಗಾಜು ಹೊಕ್ಕಾಗ, ಇನ್ನೊಮ್ಮೆ ನಾನು ಅವಳಿಗೆ ತರಬೇತಿ ಕೊಟ್ಟಾಗ. ಗಾಜನ್ನು ನಮ್ಮ ನರ್ಸು ಎಸ್ತರ್ ಸಿಸ್ಟರ್ ಐದು ನಿಮಿಷದಲ್ಲಿ ಕಿತ್ತು ತೆಗೆದರು. ನನ್ನ ತರಬೇತಿ ಮಾಡಿದ ಗಾಯಕ್ಕೆ ಒಂದು ನೋಟಿಸು, ಒಂದು ತಪಾಸಣೆ ಮತ್ತು ನಿದ್ದೆಯಿಲ್ಲದ ಒಂಬತ್ತು ದಿನ ಬೇಕಾದವು.

ಕಾರ್ಕಳ ಬಸ್‌ಸ್ಟ್ಯಾಂಡಿನಿಂದ ಏಳು ನಿಮಿಷ ನಡೆದರೆ ಸಿಗುವ ಹತ್ತು ಹಾಸಿಗೆಯ ಹೆರಿಗೆ ಆಸ್ಪತ್ರೆ ನಮ್ಮದು. ನಮ್ಮದು ಅಂದರೆ ಡಾಕ್ಟರ್ ಕುಶಲಾ ಅವರದ್ದು. ನಾನು ಅಲ್ಲಿ ಆಡಳಿತಾಧಿಕಾರಿ. ನನ್ನೂರು ಕೆಮ್ಮಣ್ಣಿನಲ್ಲಿ ಅಮ್ಮ ಈ ಪದವನ್ನು ನೆರೆಯವರಿಗೆ ಹೇಳುವಾಗ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಿದ್ದಳು. ಬಿಲ್ಲು ಬರೆಯುವುದು, ಜನರೇಟರಿಗೆ ಡೀಸೆಲ್ ತುಂಬುವುದು, ಬಾವಿಯ ಪಂಪಿಗೆ ಗಾಳಿ ಹಿಡಿದರೆ ಬಗ್ಗಿ ನೀರು ಹೊಯ್ಯುವುದು, ಹೆರಿಗೆ ಕೋಣೆಯ ಬಾಗಿಲಿನಿಂದ ಸಾಧ್ಯವಾದಷ್ಟು ದೂರ ಇರುವುದು, ಇಷ್ಟು ಆಡಳಿತ. ರಕ್ತ ಕಂಡರೆ ಕಣ್ಣಿಗೆ ಕತ್ತಲೆ ಬರುವ ಬಿ.ಕಾಂ. ಎರಡನೇ ದರ್ಜೆಯವನಿಗೆ ಹೆರಿಗೆ ಆಸ್ಪತ್ರೆಯಲ್ಲಿ ಇದಕ್ಕಿಂತ ದೊಡ್ಡ ಅಧಿಕಾರ ಕೊಡಲಾಗುವುದಿಲ್ಲ.

ಹನುಮವ್ವ ಆಯಾ. ಊರು ಘಟ್ಟದ ಮೇಲೆ, ಯಲಬುರ್ಗಾ ಕಡೆ. ತೊಂಬತ್ತರಲ್ಲಿ ಗಂಡ ಬೀರಪ್ಪನ ಹಿಂದೆ, ಮೂರು ವರ್ಷದ ಮಗಳು ಶಿಲ್ಪಾಳನ್ನು ಸೊಂಟದಲ್ಲಿಟ್ಟುಕೊಂಡು ಕಾರ್ಕಳದ ಕಲ್ಲುಕೋರೆಗೆ ಬಂದವಳು. ವರ್ಷ ತುಂಬುವುದರೊಳಗೆ ಬೀರಪ್ಪನ ಪಾದದ ಮೇಲೆ ಕಲ್ಲು ಬಿತ್ತು. ಅವನು ಕುಂಟುತ್ತ ಹತ್ತಿರದ ನಿಟ್ಟೆಯಲ್ಲಿ ಕಟ್ಟುತ್ತಿದ್ದ ಕಾಲೇಜು ಹಾಸ್ಟೆಲುಗಳಿಗೆ ವಾಚ್‌ಮನ್ ಆದ, ಇವಳು ಆಸ್ಪತ್ರೆಯ ನೆಲ ಒರೆಸಲು ಸೇರಿದಳು. ನೆಲದಿಂದ ಹೆರಿಗೆ ಕೋಣೆಗೆ ಯಾವಾಗ ಬಡ್ತಿ ಸಿಕ್ಕಿತು ಎಂಬುದಕ್ಕೆ ಕಾಗದಪತ್ರ ಇಲ್ಲ. ನೋವಿನಲ್ಲಿದ್ದ ಯಾರೋ ಒಬ್ಬಳು ಅವಳ ಕೈ ಹಿಡಿದವಳು ಬಿಟ್ಟಿರಲಿಕ್ಕಿಲ್ಲ, ಅಷ್ಟೇ. ನಾನು ಸೇರುವ ಹೊತ್ತಿಗೆ ಹೆರಿಗೆ ಕೋಣೆಯಲ್ಲಿ ಡಾಕ್ಟರರ ನಂತರದ ಮಾತು ಅವಳದ್ದೇ. ಹುಟ್ಟಿದ ಮಗುವನ್ನು ಎತ್ತಿ ಮುಖಕ್ಕೆ ಮುಖ ಹಿಡಿದು "ಬಂದ್ಯಾ ಮುದುಕಾ, ಭಾಳ ತಡ ಮಾಡಿದಿ ಬಿಡು" ಎಂದು ಬೈದ ಮೇಲೆಯೇ ಅದನ್ನು ತಾಯಿಗೆ ತೋರಿಸುವುದು. ಆಸ್ಪತ್ರೆಯ ಹಿಂದೆ ಅವಳಿಗೆ ಒಂದು ಕೋಣೆ, ಒಂದು ಬಚ್ಚಲು. ಕೆಲಸ ಇರುವಷ್ಟು ದಿನ ಕೋಣೆ. ಬೀರಪ್ಪ ಕಾಯುವ ಕಟ್ಟಡದಲ್ಲೇ ಮಲಗಿ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಶಿಲ್ಪಾ ಅಲ್ಲೇ ಓದಿ ಹತ್ತನೇ ತರಗತಿಗೆ ಬಂದಿದ್ದಳು.

ನಿಟ್ಟೆಯ ಸುತ್ತ ತಗಡಿನ ಶೆಡ್ಡುಗಳಲ್ಲಿದ್ದ ಕಟ್ಟಡ ಕೆಲಸದವರು, ಎಲ್ಲ ಹನುಮವ್ವನ ಸೀಮೆಯವರೇ, ಹೆರಿಗೆಗೆ ನಮ್ಮಲ್ಲಿಗೇ ಬರುತ್ತಿದ್ದರು. ನಮ್ಮ ಶುಲ್ಕ ಕಡಿಮೆ ಎಂದು ನಾನು ತಿಳಿದಿದ್ದೆ. ಕಾರಣ ಅದಲ್ಲ. ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ಮಣ್ಣಿಗೆ ಸೇರಿಸುವುದು ಅವರಲ್ಲಿ ಮಗುವಿಗೆ ಹೆಸರಿಡುವಷ್ಟೇ ದೊಡ್ಡ ಸಂಗತಿ. ಅರಿಶಿನ ಕುಂಕುಮ, ಒಂದು ಅಡಿಕೆ, ಹಸಿರು ಬಳೆಯ ಚೂರು, ಒಂದು ರೂಪಾಯಿ ನಾಣ್ಯ ಇಟ್ಟು, ನಾಯಿ ಕೆದಕದಷ್ಟು ಆಳಕ್ಕೆ ಹುಗಿದು ಮೇಲೊಂದು ಕಲ್ಲು ಹೇರಬೇಕು. ಇಲ್ಲದಿದ್ದರೆ ಬಾಣಂತಿಗೆ ಹಾಲು ನಿಲ್ಲುತ್ತದೆ, ಕೂಸು ಅಳು ಬಿಡುವುದಿಲ್ಲ. ಆದರೆ ಇಂದು ನಿಟ್ಟೆ, ನಾಳೆ ಇನ್ನೆಲ್ಲಿಯೋ ಎಂಬ ಜನಕ್ಕೆ ತೋಡಲು ತಮ್ಮದೆನ್ನುವ ಒಂದು ಮೊಳ ನೆಲ ಎಲ್ಲಿಂದ ಬರಬೇಕು? ಹನುಮವ್ವ ಅವರ ಪರವಾಗಿ ಆಸ್ಪತ್ರೆಯ ಹಿತ್ತಲಿನ ಜೀಗುಜ್ಜೆ ಮರದಾಚೆ ಹುಗಿಯುತ್ತಿದ್ದಳು. ಹನ್ನೊಂದು ವರ್ಷ ಹುಗಿದಳು. ಯಾರೂ ಬೇಡ ಎನ್ನಲಿಲ್ಲ, ಯಾರೂ ಸರಿ ಎಂದೂ ಹೇಳಲಿಲ್ಲ.

ಸರಕಾರ ಈ ವಿಷಯವನ್ನು ಬೇರೆ ಥರ ಯೋಚಿಸಿತ್ತು. ಆಸ್ಪತ್ರೆಗಳ ತ್ಯಾಜ್ಯಕ್ಕೆ ನಿಯಮ ಬಂದದ್ದು ತೊಂಬತ್ತೆಂಟರಲ್ಲಿ. ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳನ್ನು ಮುಗಿಸಿಕೊಂಡು ಅದು ನಮ್ಮಂಥ ಹತ್ತು ಹಾಸಿಗೆಯವರ ಬಾಗಿಲಿಗೆ ಬರುವಾಗ ಎರಡು ಸಾವಿರದ ಎರಡರ ಮಳೆಗಾಲ ಮುಗಿಯುತ್ತ ಬಂದಿತ್ತು. ಅನುಮತಿ ಪತ್ರ ಇಲ್ಲದೆ ಆಸ್ಪತ್ರೆ ನಡೆಸುವ ಹಾಗಿಲ್ಲ. ತ್ಯಾಜ್ಯವನ್ನು ಬಣ್ಣಬಣ್ಣದ ಚೀಲಗಳಲ್ಲಿ ಬೇರೆ ಮಾಡಬೇಕು, ತೂಗಬೇಕು, ಬರೆದಿಡಬೇಕು, ಸುಡುವ ಘಟಕದ ವ್ಯಾನಿಗೆ ಕೊಡಬೇಕು. ಸಿಬ್ಬಂದಿಗೆ ತರಬೇತಿ ಕೊಡಬೇಕು.

"ವಿಕಾಸ್, ಇದೆಂತದು ಅಂತ ಸ್ವಲ್ಪ ಓದಿ ನೋಡು ಮಾರಾಯ, ನನಗೆ ಎರಡು ಸಿಸೇರಿಯನ್ ಉಂಟು" ಎಂದು ಡಾಕ್ಟರು ಕಾಗದದ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಮಣಿಪಾಲದ ಒಂದು ಹೋಟೆಲಿನ ಸಭಾಂಗಣದಲ್ಲಿ ಇದರ ಬಗ್ಗೆ ಒಂದು ದಿನದ ಕಾರ್ಯಾಗಾರ ಇತ್ತು. ಹೋದೆ. ಊಟಕ್ಕೆ ಮುಂಚಿನ ಭಾಷಣಗಳಲ್ಲಿ ಕಾಯ್ದೆ ಎಷ್ಟು ಮುಖ್ಯ ಎಂದು ಹೇಳಿದರು. ಊಟಕ್ಕೆ ಎರಡು ಪಾಯಸ ಇತ್ತು. ಊಟದ ನಂತರ ದೀಪ ಆರಿಸಿ, ಎ.ಸಿ. ಹಾಕಿ, ಪರದೆಯ ಮೇಲೆ ಚಿತ್ರ ತೋರಿಸಿದರು. ಎಚ್ಚರವಾದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನಾನೂ ತಟ್ಟಿದೆ. ಬರುವಾಗ ಒಂದು ಬಣ್ಣದ ಪಟ್ಟಿ, ಒಂದು ಪ್ರಮಾಣಪತ್ರ, ತರಬೇತಿ ದಾಖಲೆಯ ಖಾಲಿ ನಮೂನೆ ಕೈಯಲ್ಲಿತ್ತು. ಹೀಗೆ ನಾನು ಕಾರ್ಕಳ ತಾಲೂಕಿನ ಈ ವಿಷಯದ ತಜ್ಞರಲ್ಲಿ ಒಬ್ಬನಾದೆ.

ಮರುದಿನ ಮಧ್ಯಾಹ್ನ ಹನುಮವ್ವನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆ. ಅವಳು ಅರ್ಧ ಕುರ್ಚಿಯಲ್ಲಿ ಮಾತ್ರ ಕೂತಳು, ಉಳಿದರ್ಧ ಯಾವಾಗ ಬೇಕಾದರೂ ಏಳಲು ತಯಾರಿತ್ತು.

"ಸೂಜಿ, ಬ್ಲೇಡು ಈ ಬಿಳಿ ಡಬ್ಬಿಗೆ," ಎಂದೆ, "ಟ್ಯೂಬು, ಪೈಪು ಕೆಂಪು ಚೀಲಕ್ಕೆ. ಹತ್ತಿ, ರಕ್ತದ ಬಟ್ಟೆ, ಮಾಸು, ಮನುಷ್ಯರ ಮೈಯಿಂದ ಬಂದದ್ದೆಲ್ಲ ಹಳದಿಗೆ. ಹಿತ್ತಲಲ್ಲಿ ಹುಗಿಯುವುದು ಇವತ್ತಿಗೆ ನಿಂತಿತು."

"ಹುಗಿಯಂಗಿಲ್ಲಾ?"

"ಇಲ್ಲ. ಕಾನೂನು."

ಅವಳು ಸ್ವಲ್ಪ ಹೊತ್ತು ಹಳದಿ ಚೀಲವನ್ನೇ ತಿರುಗಿಸಿ ನೋಡಿದಳು. "ಮತ್ತ ಅದರ ಜೋಡಿ ಹೋಗೋದು, ವಿಕಾಸಪ್ಪಾ?"

ನಾನು ಆಗ ತರಬೇತಿಯ ಅವಧಿ ಎಂಬ ಕಾಲಮಿನಲ್ಲಿ 'ಎರಡು ಗಂಟೆ' ಎಂದು ಬರೆಯುತ್ತಿದ್ದೆ. ತಲೆ ಎತ್ತದೆ ಹೇಳಿದೆ: "ಅದರ ಜೊತೆಗೆ ಹೋಗುವುದೆಲ್ಲ ಹಳದಿಗೇ."

"ಹಂಗಾರ ಅಡ್ಡಿಯಿಲ್ಲ" ಎಂದು ಅವಳು ಎದ್ದು, ತೋರಿಸಿದಲ್ಲಿ ತನ್ನ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಹೋದಳು. ಒಟ್ಟು ನಾಲ್ಕು ನಿಮಿಷ. ವಿಷಯ: ವಿಂಗಡಣೆ, ಸಾಗಣೆ, ಸುರಕ್ಷತೆ. ವಿಧಾನ: ಸ್ಲೈಡ್ ಪ್ರದರ್ಶನ. ಫಲಿತಾಂಶ: ತೃಪ್ತಿಕರ. ನನ್ನ ಸಹಿ.

ನಾಲ್ಕು ತಿಂಗಳು ಎಲ್ಲವೂ ತೃಪ್ತಿಕರವಾಗಿಯೇ ನಡೆಯಿತು. ದಿನ ಬಿಟ್ಟು ದಿನ ಸುಡುವ ಘಟಕದ ಡ್ರೈವರ್ ಸಿರಿಲ್ ವ್ಯಾನು ತಂದು ಚೀಲಗಳನ್ನು ಒಯ್ಯುತ್ತಿದ್ದ. ಜನವರಿಯ ಕೊನೆಯಲ್ಲಿ ಒಂದು ರಿಜಿಸ್ಟರ್ಡ್ ಲಕೋಟೆ ಬಂತು. ಸುಡುವ ಘಟಕದವರ ನೋಟಿಸು. ನಿಮ್ಮ ಸಂಸ್ಥೆಯ ಹಳದಿ ಚೀಲಗಳಲ್ಲಿ ಲೋಹ ಹಾಗೂ ಗಾಜು ಪತ್ತೆಯಾಗಿದೆ, ಇದು ವಿಂಗಡಣೆ ನಿಯಮದ ಉಲ್ಲಂಘನೆ, ಇದರ ಪ್ರತಿಯನ್ನು ಉಡುಪಿಯ ಅಧಿಕಾರಿಗಳಿಗೆ ಕಳಿಸಲಾಗಿದೆ. ಕೆಳಗೆ ಸಾಕ್ಷಿಗೆಂದು ಒಂದು ಪ್ಲಾಸ್ಟಿಕ್ ಪೊಟ್ಟಣ ಪಿನ್ನು ಹೊಡೆದಿತ್ತು. ಒಳಗೆ ಕಪ್ಪಗೆ ಸುಟ್ಟ ಐದು ಒಂದು ರೂಪಾಯಿ ನಾಣ್ಯ, ಕರಗಿ ಮುದ್ದೆಯಾದ ಹಸಿರು ಗಾಜು.

ಡಾಕ್ಟರು ಪೊಟ್ಟಣವನ್ನು ಬೆಳಕಿಗೆ ಹಿಡಿದರು. "ಎಂತ ಇದು? ನಮ್ಮ ಚೀಲದಲ್ಲಿ ದುಡ್ಡು ಹಾಕುವಷ್ಟು ಶ್ರೀಮಂತರು ಯಾರಪ್ಪ?"

ಎಲ್ಲರನ್ನೂ ಕರೆಸಿದರು. ಎಲ್ಲರೂ ಅಂದರೆ ಎಸ್ತರ್ ಸಿಸ್ಟರ್, ಹನುಮವ್ವ, ನಾನು.

"ನಾನ ಹಾಕೀನ್ರಿ" ಎಂದಳು ಹನುಮವ್ವ, ಕೇಳುವುದಕ್ಕೂ ಮೊದಲೇ. "ಶೆಡ್ಡಿನ ಹೆಣ್ಮಕ್ಕಳ ಹೆರಿಗಿ ಐದು ಆಗ್ಯಾವಲ್ರಿ. ಅರಿಶಿನ, ಅಡಿಕಿ, ಬಳಿ, ರೂಪಾಯಿ. ಬರೇ ಹಂಗ ಕಳಸಾಕ ಬರತೈತೇನ್ರಿ?"

ಎಸ್ತರ್ ಸಿಸ್ಟರ್ ಕಾಪುವಿನವರು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅವರು ಬೆವರಿದ್ದನ್ನು ಕಂಡವರಿಲ್ಲ. ಈಗ ನೆಲ ನೋಡಿದರು.

ಡಾಕ್ಟರು ಕೂಗಲಿಲ್ಲ. ಕೂಗಿದ್ದರೆ ನನಗೆ ಸ್ವಲ್ಪ ಸಮಾಧಾನ ಆಗುತ್ತಿತ್ತು. "ನೋಡು ಹನುಮವ್ವ, ನಮ್ಮ ಅನುಮತಿಯ ಅರ್ಜಿ ಇನ್ನೂ ಅವರ ಮೇಜಿನ ಮೇಲೆ ಉಂಟು. ಅದು ಸಿಗದಿದ್ದರೆ ಬಾಗಿಲು ಹಾಕಬೇಕು. ಹತ್ತು ದಿನದಲ್ಲಿ ತಪಾಸಣೆಗೆ ಬರ್ತಾರಂತೆ. ಕಲಿಸಿದ ಮೇಲೂ ಹೀಗೆ ಮಾಡಿದ್ದು ಅಂತ ಆದರೆ ನಿನ್ನನ್ನು ಇಟ್ಟುಕೊಳ್ಳಲಿಕ್ಕೆ ನನಗೆ ಆಗ್ಲಿಕ್ಕಿಲ್ಲ. ಬರುವ ತಿಂಗಳ ಕೊನೆಗೆ ಬೇರೆ ಕಡೆ ನೋಡಬೇಕಾದೀತು."

ಕಲಿಸಿದ ಮೇಲೂ. ಅರ್ಧ ಕುರ್ಚಿ, ಹಳದಿ ಚೀಲ, 'ಅದರ ಜೊತೆಗೆ ಹೋಗುವುದೆಲ್ಲ' ಎಂಬ ನನ್ನದೇ ಧ್ವನಿ, ಎಲ್ಲ ನೆನಪಾಯಿತು. ಬಾಯಿ ತೆರೆಯಲು ಅದೇ ಸರಿಯಾದ ಹೊತ್ತು. ನಾನು ಬಾಯಿ ತೆರೆದು, "ಮೇಡಂ, ಉತ್ತರ ಬರೆಯಲಿಕ್ಕೆ ಹದಿನೈದು ದಿನ ಟೈಮ್ ಉಂಟು" ಎಂದೆ.

ಹನುಮವ್ವ ನನ್ನನ್ನೊಮ್ಮೆ ನೋಡಿದಳು. ಮೂರನೇ ಬೆಡ್ಡಿನವಳು ಕರೆದಳೆಂದು ಹೋದಳು.

ಆ ಒಂಬತ್ತು ದಿನ ನಾನು ಒಂದು ಕಡೆ ನಿಂತವನಲ್ಲ. ಉತ್ತರದ ಕರಡು ಬರೆದೆ. ಮೊದಲನೆಯದರಲ್ಲಿ 'ಅವಿದ್ಯಾವಂತ ಸಿಬ್ಬಂದಿಯ ಅಚಾತುರ್ಯ' ಎಂದಿತ್ತು. ಹರಿದು ಹಾಕಿದೆ. ಎರಡನೆಯದರಲ್ಲಿ 'ಸಂವಹನದ ಕೊರತೆ' ಎಂದು ಬರೆದೆ. ಯಾರ ಸಂವಹನ, ಯಾರ ಕೊರತೆ ಎಂದು ಓದುವವನಿಗೆ ತಿಳಿಯದಂತೆ ಬರೆಯುವ ಕಲೆ ನನಗೆ ಇಷ್ಟು ಚೆನ್ನಾಗಿ ಬರುತ್ತದೆಂದು ಗೊತ್ತಿರಲಿಲ್ಲ. ಅದನ್ನು ಓದಿ ನನಗೇ ಹೇಸಿಗೆಯಾಯಿತು, ಜೇಬಿನಲ್ಲಿಟ್ಟುಕೊಂಡೆ.

ಜೇಬಿನಲ್ಲಿಟ್ಟುಕೊಂಡೇ ಐದನೆಯ ದಿನ ಉಡುಪಿ ಬಸ್ಸು ಹತ್ತಿದೆ. ಅಧಿಕಾರಿಯನ್ನು ಮೊದಲೇ ಕಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು ಎಂದು ಮಣಿಪಾಲದವರೆಗೂ ನಿರ್ಧಾರ ಗಟ್ಟಿ ಇತ್ತು. ಅಲ್ಲಿಂದ ಉಡುಪಿಗೆ ಇಳಿಯುವ ಇಳಿಜಾರಿನಲ್ಲಿ ಸ್ವಲ್ಪ ಸಡಿಲವಾಯಿತು. ಕಚೇರಿಯ ಗೇಟು ದಾಟಿ ಮುಂದೆ ನಡೆದೆ, ತಿರುಗಿ ಬಂದೆ, ಮತ್ತೆ ದಾಟಿದೆ. ಹತ್ತಿರದ ಅಂಬಲಪಾಡಿಯ ಒಂದು ಗೂಡಂಗಡಿಯಲ್ಲಿ ನಿಂತು ಎರಡು ಸೋಡಾ ಕುಡಿದೆ.

"ಯಾರನ್ನಾದರೂ ಹುಡುಕುವುದಾ?" ಎಂದು ಅಂಗಡಿಯವನು ಕೇಳಿದ.

"ಹೌದು" ಎಂದೆ. ಯಾರನ್ನು ಎಂದು ಅವನು ಕೇಳಲಿಲ್ಲ, ಒಳ್ಳೆಯ ಮನುಷ್ಯ. ಮೂರು ಗಂಟೆಯ ಬಸ್ಸಿಗೆ ಕಾರ್ಕಳಕ್ಕೆ ವಾಪಸ್ಸು ಬಂದೆ.

ಅಂದು ಸಂಜೆ ಶಿಲ್ಪಾ ರೇಖಾಗಣಿತದ ಪುಸ್ತಕ ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದಳು. ಹುಟ್ಟಿದ್ದು ಎಲ್ಲೋ ಆದರೂ ಅವಳ ಮಾತು ಪೂರ್ತಿ ಈ ಕಡೆಯದ್ದು. ಪ್ರಮೇಯ ಕೇಳಲು ಬಂದವಳು ಅದನ್ನು ಬಿಟ್ಟು ಬೇರೆ ಕೇಳಿದಳು: "ಅಣ್ಣಾ, ಮಾರ್ಚಿನ ಪರೀಕ್ಷೆಯನ್ನು ಊರಿಗೆ ಹೋಗಿ ಬರೀಲಿಕ್ಕೆ ಆಗ್ತದಾ? ಹಾಲ್ ಟಿಕೆಟು ಇಲ್ಲಿಯದ್ದೇ ಅಲ್ವಾ?"

"ಊರಿಗೆ ಯಾಕೆ?"

"ಅಮ್ಮ ಪಾತ್ರೆಯೆಲ್ಲ ತೊಳೆದು ಗೋಣಿಗೆ ಹಾಕ್ತಾ ಇದ್ದಾಳೆ. ಕೇಳಿದರೆ ಎಂತ ಇಲ್ಲ ಅಂತಾಳೆ."

ನಾನು ಪ್ರಮೇಯವನ್ನು ತಪ್ಪಾಗಿ ಬಿಡಿಸಿಕೊಟ್ಟೆ. ಅವಳು ಅದನ್ನು ನೋಡಿ ರಬ್ಬರಿನಿಂದ ಒರೆಸಿಕೊಂಡು ಹೋದಳು.

ಹನುಮವ್ವನ ಕೈ ಆ ದಿನಗಳಲ್ಲಿ ಇನ್ನೂ ಚುರುಕಾಗಿತ್ತು. ಒರೆಸಿದ ನೆಲವನ್ನೇ ಒರೆಸಿದಳು, ಕಿಟಕಿಯ ಸರಳುಗಳನ್ನು ಬೂದಿ ಹಾಕಿ ತಿಕ್ಕಿದಳು. ನನ್ನ ಎದುರಿಗೆ ಸಿಕ್ಕರೆ ಎಂದಿನಂತೆ "ಚಾ ಆತೇನ್ರಿ ವಿಕಾಸಪ್ಪಾ?" ಎನ್ನುತ್ತಿದ್ದಳು. ಅವಳು ಮರೆತಿದ್ದಾಳೋ, ನನ್ನನ್ನು ಉಳಿಸುತ್ತಿದ್ದಾಳೋ ತಿಳಿಯದೆ ನಾನು ಚಾ ಕುಡಿಯುತ್ತಿದ್ದೆ. ಮರೆತಿರಲಿ ಎಂದು ಬಯಸಿದೆ. ಹಾಗೆ ಬಯಸಿದ್ದನ್ನು ಬರೆಯದಿದ್ದರೆ ಈ ಕಥೆಯೇ ಇನ್ನೊಂದು ಸುಳ್ಳು ದಾಖಲೆಯಾದೀತು.

ಹತ್ತನೆಯ ದಿನ ಬೆಳಿಗ್ಗೆ ತಪಾಸಣೆಯ ಅಧಿಕಾರಿ ಬಂದರು. ಧರ್ಮಪಾಲ ಎಂದು ಹೆಸರು. ತೆಳ್ಳಗಿನ ಆಳು, ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದರು. ಕೂರಿ ಎಂದರೆ ಕೂರಲಿಲ್ಲ, ಎಳನೀರು ಎಂದರೆ ಆಮೇಲೆ ಎಂದರು. ಚೀಲಗಳನ್ನು ನೋಡಿದರು, ತಕ್ಕಡಿ ನೋಡಿದರು, ಹಿತ್ತಲಿಗೆ ಹೋಗಿ ಜೀಗುಜ್ಜೆ ಮರದಾಚೆ ಸಾಲಾಗಿದ್ದ ಕಲ್ಲುಗಳನ್ನು ನೋಡಿ ನಿಂತರು.

"ಇಲ್ಲಿ ಹುಗಿಯುತ್ತಿದ್ದಿರಾ?"

"ಹಿಂದೆ" ಎಂದರು ಡಾಕ್ಟರು. "ನಿಯಮದಲ್ಲಿ ಸಣ್ಣ ಊರುಗಳಿಗೆ ಆಳವಾಗಿ ಹುಗಿಯಲಿಕ್ಕೆ ಅವಕಾಶ ಉಂಟಲ್ವಾ?"

"ಉಂಟು. ಎರಡು ಮೀಟರ್ ಗುಂಡಿ, ಸುಣ್ಣ, ಮೇಲೆ ತಂತಿಯ ಬಲೆ. ಹತ್ತಿರದಲ್ಲಿ ಬಾವಿ ಇರಬಾರದು."

ಎಲ್ಲರೂ ಬಾವಿಯನ್ನು ನೋಡಿದೆವು. ನಾನು ನೀರು ಹೊಯ್ಯುವ ಪಂಪು ಅದರ ಕಟ್ಟೆಯ ಮೇಲೆ ಕೂತಿತ್ತು. ಆಸ್ಪತ್ರೆಗೆ ಬೇರೆ ನೀರಿಲ್ಲ.

"ಹತ್ತಿರ ಅಂದ್ರ ಎಷ್ಟು ಮಾರು ಬರದಾರ್ರಿ?" ಹಿಂದಿನಿಂದ ಹನುಮವ್ವ ಕೇಳಿದಳು.

ಧರ್ಮಪಾಲರು ತಿರುಗಿ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. "ಅಂಕೆ ಬರೆದಿಲ್ಲ. ಆದರೆ ಇದು ಹತ್ತಿರ. ನಾಣ್ಯ ಹಾಕಿದವರು ನೀವೇನಾ?"

"ಹೂಂನ್ರಿ."

"ನಿಮಗೆ ತರಬೇತಿ ಆಗಿದೆಯಾ?"

"ಆಗೈತ್ರಿ."

ಅವರು ನನ್ನ ಕಡೆ ಕೈ ಚಾಚಿದರು. ರಿಜಿಸ್ಟರು ಕೊಟ್ಟೆ. ಅವರು ಅದನ್ನು ಗಟ್ಟಿಯಾಗಿ ಓದಿದರು. ಸರಕಾರಿ ಜನ ಮನಸ್ಸಿನಲ್ಲಿ ಓದಬಾರದೇಕೆ? "ಅವಧಿ ಎರಡು ಗಂಟೆ. ಸ್ಲೈಡ್ ಪ್ರದರ್ಶನ. ಫಲಿತಾಂಶ ತೃಪ್ತಿಕರ. ಪ್ರೊಜೆಕ್ಟರ್ ಉಂಟಾ ನಿಮ್ಮಲ್ಲಿ?"

ನಾನು ಜನರೇಟರಿನ ಕಡೆ ನೋಡಿದೆ, ಅದೇನಾದರೂ ಸಹಾಯ ಮಾಡೀತೇನೋ ಎಂಬಂತೆ.

"ಎಂತ ಕಲಿಸಿದ್ದಾರೆ ಹೇಳಿ ನೋಡುವ" ಎಂದು ಅವರು ಹನುಮವ್ವನನ್ನು ಕೇಳಿದರು.

ಅವಳು ಸೆರಗು ಸರಿ ಮಾಡಿಕೊಂಡಳು. ಶಾಲೆಯ ಮೆಟ್ಟಿಲು ಹತ್ತದವಳು ಪರೀಕ್ಷೆಗೆ ನಿಂತಂತೆ ನೆಟ್ಟಗೆ ನಿಂತು, ಒಂದೂ ತಪ್ಪದೆ ಒಪ್ಪಿಸಿದಳು: "ಸೂಜಿ, ಬ್ಲೇಡು ಬಿಳಿ ಡಬ್ಬಿಗೆ. ನಳಿಗಿ, ಪೈಪು ಕೆಂಪಿಗೆ. ಹತ್ತಿ, ರಗತದ ಬಟ್ಟಿ, ಮಾಸ, ಮನಿಷಾರ ಮೈಯಾಗಿಂದ ಬಂದಿದ್ದೆಲ್ಲಾ ಹಳದಿಗೆ. ಅದರ ಜೋಡಿ ಹೋಗೋದೂ ಹಳದಿಗೇ. ಅದನ್ನ ನಾ ಬ್ಯಾರೆ ಕೇಳಿದ್ದೆನ್ರಿ. ವಿಕಾಸಪ್ಪನೋರು ಹೇಳಿದ್ರು."

ಹೇಳಿ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ಮಾಸ್ತರ ಮಾನ ಉಳಿಸಿದೆ ಎಂಬ ಹೆಮ್ಮೆ ಇತ್ತು.

ಎಸ್ತರ್ ಸಿಸ್ಟರ್ ಕೆಮ್ಮಿದರು. ಡಾಕ್ಟರು ನನ್ನ ಕಡೆ ತಿರುಗಲು ಬಹಳ ಸಮಯ ತೆಗೆದುಕೊಂಡರು.

"ಹೌದು ಸರ್" ಎಂದೆ. "ಅವರು ಕೇಳಿದ್ದರು, ನಾನು ಅರಿಶಿನ ನಾಣ್ಯದ ವಿಷಯ ಅಂತ ಯೋಚಿಸಲೇ ಇಲ್ಲ. ಎರಡು ಗಂಟೆಯೂ ಸುಳ್ಳು. ನಾಲ್ಕು ನಿಮಿಷ ಕೊಟ್ಟದ್ದು. ಅದರಲ್ಲಿ ಅವರು ಒಂದು ಪದ ಮರೆತಿಲ್ಲ ನೋಡಿ. ನಾನು ಮರೆತಿದ್ದೆ."

"ಮರೆತಿದ್ದಿಯಾ?" ಎಂದರು ಡಾಕ್ಟರು.

"ನೋಟಿಸು ಬಂದ ದಿನ ನೆನಪಾಯಿತು ಮೇಡಂ."

"ಹಾಗಾದರೆ ಒಂಬತ್ತು ದಿನ..."

"ಹೌದು."

ಧರ್ಮಪಾಲರು ರಿಜಿಸ್ಟರಿನಲ್ಲಿ ನನ್ನ ಸಹಿಯ ಕೆಳಗೆ ಕೆಂಪು ಪೆನ್ನಿನಲ್ಲಿ ಅಡ್ಡ ಗೆರೆ ಎಳೆದರು. ಕೆಲಸದಾಕೆಯ ತಪ್ಪು ಅಲ್ಲ, ತರಬೇತಿಯ ದೋಷ ಎಂದು ಬರೆದು ನನಗೇ ಓದಲು ಕೊಟ್ಟರು. ಮೂವತ್ತು ದಿನದೊಳಗೆ ಸರಿಯಾದ ತರಬೇತಿ ಕೊಟ್ಟು, ತೂಕದ ದಾಖಲೆ ತೋರಿಸಿದರೆ ಅನುಮತಿ ಪತ್ರ ಬರುತ್ತದೆ ಎಂದರು. ಎಳನೀರು ಈಗ ಕುಡಿದರು.

"ರೂಪಾಯಿ, ಬಳಿ ಬಿಡ್ತೀನ್ರಿ" ಎಂದಳು ಹನುಮವ್ವ ಅವರು ಚಪ್ಪಲಿ ಮೆಟ್ಟುವಾಗ. "ಅರಿಶಿನ, ಅಡಿಕಿ ಸುಡತಾವಲ್ರಿ. ಅದಕ್ಕ ಏನ್ ಬರದೈತ್ರಿ?"

ಅವರು ಒಂದು ಚಪ್ಪಲಿಯಲ್ಲಿ ಕಾಲಿಟ್ಟು, ಇನ್ನೊಂದನ್ನು ಬೆರಳಿನಲ್ಲಿ ಹಿಡಿದುಕೊಂಡು ನಿಂತರು. "ಅಡಿಕೆಯ ಬಗ್ಗೆ ಯಾವ ಪಟ್ಟಿಯಲ್ಲೂ ಇಲ್ಲ, ಅವ್ವ" ಎಂದು ಹೇಳಿ ಜೀಪು ಹತ್ತಿದರು. ಹಾಕಬಹುದು ಎನ್ನಲಿಲ್ಲ, ಬಾರದು ಎಂದೂ ಹೇಳಲಿಲ್ಲ.

ಜೀಪು ಗೇಟು ದಾಟಿದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ಹನುಮವ್ವನಿಗೆ, "ಗೋಣಿಯಿಂದ ಪಾತ್ರೆ ತೆಗಿ, ಹುಡುಗಿ ಓದಲಿ" ಎಂದರು. ಅವರಿಗೆ ಗೋಣಿಯ ವಿಷಯ ಯಾರು ಹೇಳಿದರೋ. ಕೆಲಸ ಉಳಿಯಿತು, ಕೋಣೆಯೂ. ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನನ್ನು ತೆಗೆಯುವ ಅಂತ ಇತ್ತು. ಆದರೆ ಇಷ್ಟು ಸಂಬಳಕ್ಕೆ ಇನ್ನೊಬ್ಬ ಸಿಗುವುದು ಕಷ್ಟ ಮಾರಾಯ. ಒಂದು ಕೆಲಸ ಮಾಡು. ಇನ್ನು ಮುಂದೆ ಹಳದಿ ಚೀಲ ಕಟ್ಟುವುದು, ತೂಗುವುದು, ವ್ಯಾನಿಗೆ ಕೊಡುವುದು ನೀನೇ. ಪ್ರತಿ ಹೆರಿಗೆಗೂ. ತರಬೇತಿ ಹನುಮವ್ವ ಕೊಡ್ತಾಳೆ. ಎರಡು ಗಂಟೆ."

ಹೊರಗೆ ಬಂದ ಮೇಲೆ ಹನುಮವ್ವನನ್ನು ತಡೆದು ನಿಲ್ಲಿಸಿ ಕೇಳಿದೆ: "ಅಂದೇ ಯಾಕೆ ಹೇಳಲಿಲ್ಲ, ನಾನೇ ಹೇಳಿದ್ದು ಅಂತ?"

"ನೀವ ಅಲ್ಲೇ ನಿಂತಿದ್ರಲ್ರಿ" ಎಂದಳು ಆಶ್ಚರ್ಯದಿಂದ. "ನೀವ ಹೇಳ್ತೀರಿ ಅಂತ ನಾ ಸುಮ್ಕಿದ್ದೆ. ದಿನಾ ನೋಡಿದ್ನಿ. ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ. ಓದಿದೋರು, ಯೋಚನಿ ಮಾಡಿ ಹೇಳ್ತಿರಬೇಕು ಅಂದ್ಕೊಂಡೆ."

ಅವಳು ಬೈದಿದ್ದರೆ ನಾನು ತಿರುಗಿ ಏನಾದರೂ ಹೇಳುತ್ತಿದ್ದೆ. ಜೇಬಿನಲ್ಲಿದ್ದ ಎರಡನೆಯ ಕರಡನ್ನೂ ತೆಗೆದು ಹರಿದು ಹಾಕಿದೆ.

ತಪಾಸಣೆಯಾದ ನಾಲ್ಕನೆಯ ದಿನ ನಿಟ್ಟೆಯ ಶೆಡ್ಡಿನಿಂದ ನಾಗವೇಣಿ ಎಂಬ ಹುಡುಗಿಯನ್ನು ಕರೆತಂದರು. ಚೊಚ್ಚಲು. ಜೊತೆಗೆ ಅತ್ತೆ, ಅವಳ ಸೆರಗಿನಲ್ಲೊಂದು ಗಂಟು. ಬೆಳಿಗ್ಗೆ ಹತ್ತಕ್ಕೆ ಬಂದವಳಿಗೆ ಮಧ್ಯಾಹ್ನ ಎರಡಕ್ಕೆ ಹೆಣ್ಣು ಹುಟ್ಟಿತು. "ಬಂದ್ಯಾ ಮುದುಕೀ" ಎಂಬ ಬೈಗುಳ ಕಾರಿಡಾರಿಗೆ ಕೇಳಿಸಿತು. ಆಮೇಲೆ ನನ್ನ ಹೆಸರು ಕೇಳಿಸಿತು.

ಎರಡು ಜೊತೆ ಕೈಗವಸು ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಎಸ್ತರ್ ಸಿಸ್ಟರ್ ಸ್ಟೀಲಿನ ಟ್ರೇಯನ್ನು ಮುಂದೆ ತಳ್ಳಿದರು. ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ಕೈ ಚಾಚಿದೆ.

"ಅತ್ಲಾಗ ನೋಡಿದ್ರ ಹ್ಯಾಂಗ್ರಿ, ಜಾರತೈತಿ" ಎಂದಳು ಹನುಮವ್ವ. "ಕೆಳಗಿಂದ ಹಿಡೀರಿ. ಎರಡೂ ಕೈ. ಉಸರ ಬಿಡ್ರಿ, ಉಸರ ಬಿಡ್ರಿ. ಬಸರಿ ಹೆಂಗಸಿಗೆ ಹೇಳಿದ್ದ ಹೇಳಾಕ ಹತ್ತೀನಿ ನಿಮಗ."

ಒಳಗಿನಿಂದ ನಾಗವೇಣಿ, ಅಷ್ಟು ದಣಿದವಳು, ನಕ್ಕಳು.

ಚೀಲದ ಬಾಯಿ ಬಿಚ್ಚಿ ಹಿಡಿದಾಗ ಅತ್ತೆ ಸೆರಗಿನ ಗಂಟು ತೆರೆದಳು. ಅರಿಶಿನದ ಕೊಂಬು, ಅಡಿಕೆ, ಬಳೆ ಚೂರು, ಒಂದು ರೂಪಾಯಿ. ಹನುಮವ್ವ ಅರಿಶಿನ, ಅಡಿಕೆಯನ್ನು ತೆಗೆದು ಚೀಲಕ್ಕೆ ಹಾಕಿ, ನಾಣ್ಯವನ್ನೂ ಬಳೆಯನ್ನೂ ಅವಳ ಅಂಗೈಗೆ ವಾಪಸ್ಸು ಇಟ್ಟು ಬೆರಳು ಮಡಚಿದಳು.

"ಇದ್ಯಾಕವ್ವಾ? ಪೂರಾ ಹಾಕಲಿಲ್ಲಂದ್ರ ಹಾಲು ನಿಂತೀತು."

"ಇವು ಬೆಂಕಿಗೆ ಹೋಗೂವಲ್ಲ. ಉಡದಾರ ಕಟ್ಟೂಮುಂದ ರೂಪಾಯಿ ತೂತ ಮಾಡಿಸಿ ಕೂಸಿನ ನಡಕ್ಕ ಕಟ್ಟು."

"ಹಂಗ ನಡೀತೈತಾ?"

"ನಡಸ್ಕೊಂಡ್ರ ನಡೀತೈತಿ."

"ಹಾಲು ನಿಂತ್ರ?"

"ನಿಂತ್ರ ನನ್ನ ಬಂದ ಕೇಳು. ನಾ ಎಲ್ಲೂ ಹೋಗಂಗಿಲ್ಲ, ಇಲ್ಲೇ ಇರ್ತೀನಿ."

ಅತ್ತೆ ಒಪ್ಪಿದಳೆಂದು ಹೇಳಲಾರೆ. ಮುಷ್ಟಿ ಬಿಗಿ ಹಿಡಿದು, ನನ್ನನ್ನು, ಚೀಲವನ್ನು, ಮತ್ತೆ ನನ್ನನ್ನು ನೋಡಿದಳು. ಇಷ್ಟು ದೊಡ್ಡ ಕೆಲಸಕ್ಕೆ ಇಂಥವನೇ ಸಿಕ್ಕಿದನಾ ಎಂಬಂತಿತ್ತು ನೋಟ. ಹನುಮವ್ವ ಹೇಳಿದಂತೆ ಚೀಲದ ಕುತ್ತಿಗೆ ತಿರುಚಿ ಗಂಟು ಹಾಕಿದೆ. ತಕ್ಕಡಿಯಲ್ಲಿಟ್ಟು ಐನೂರ ಇಪ್ಪತ್ತು ಗ್ರಾಂ ಎಂದು ಬರೆದೆ. ಎರಡು ಜೊತೆ ಕೈಗವಸಿನಲ್ಲಿ ಬರೆದ ಐದು ಮೂರರ ಹಾಗೆ ಕಾಣುತ್ತಿತ್ತು, ಹೊಡೆದು ಮತ್ತೆ ಬರೆದೆ.

ವ್ಯಾನು ಮುಕ್ಕಾಲು ಗಂಟೆ ತಡವಾಗಿ ಬಂತು. ಅಲ್ಲಿಯತನಕ ಚೀಲವನ್ನು ನೆಲಕ್ಕಿಡಲು ಹನುಮವ್ವ ಬಿಡಲಿಲ್ಲ. ನಾನು ಅದನ್ನು ಎರಡು ಕೈಯಲ್ಲಿ ಹಿಡಿದು ಗೇಟಿನ ಬಳಿ ಆ ಕಾಲಿನಿಂದ ಈ ಕಾಲಿಗೆ ಭಾರ ಹಾಕುತ್ತ ನಿಂತೆ. ಅವಳು ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಗೇಟಿಗೆ ನಡೆದಳು.

"ಎಂತ ಮಾರಾಯ, ಇವತ್ತು ಸ್ವತಃ ಆಫೀಸರೇ?" ಎಂದು ಸಿರಿಲ್ ಹಿಂದಿನ ಬಾಗಿಲು ತೆಗೆದ. ಚೀಲ ತೆಗೆದುಕೊಂಡು ಕಿವಿಯ ಬಳಿ ಅಲ್ಲಾಡಿಸಿ ನೋಡಿದ. "ಇವತ್ತು ಚಿಲ್ಲರೆ ಇಲ್ವಾ?"

"ಅಳ್ಳಾಡಸಬ್ಯಾಡ್ರೀ!" ಎಂದು ಹನುಮವ್ವ ಗದರಿದಳು. ಅವನು ಚೀಲವನ್ನು ನಿಧಾನವಾಗಿ, ಬೇರೆ ಚೀಲಗಳಿಂದ ಸ್ವಲ್ಪ ಬದಿಗೆ ಇಟ್ಟ. ಅವಳು ಅದು ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡಿ, ಬಾಗಿಲು ಮುಚ್ಚಲು ಕೈಸನ್ನೆ ಮಾಡಿದಳು.

ವ್ಯಾನು ತಿರುವಿನಲ್ಲಿ ಮರೆಯಾಗುವ ಮೊದಲೇ ಒಳಗಿನಿಂದ ಎಸ್ತರ್ ಸಿಸ್ಟರ್ ಕೂಗಿದರು. ಹನುಮವ್ವ ಸೆರಗು ಸಿಕ್ಕಿಸಿಕೊಂಡು ಓಡಿದಳು. ಮೆಟ್ಟಿಲ ಮೇಲೆ ನಿಂತು ತಿರುಗಿ ಹೇಳಿದಳು:

"ಆರನೇ ಬೆಡ್ಡಿನಾಕಿಗೆ ಬ್ಯಾನಿ ಚಾಲೂ ಆದುವು ವಿಕಾಸಪ್ಪಾ. ಆಕಿ ನಿಮ್ಮ ಕಡೆಯಾಕಿ, ಅರಿಶಿನ ಕೇಳಂಗಿಲ್ಲ. ಆದ್ರೂ ಕೆಳಗಿಂದನ ಹಿಡೀಬೇಕು. ಇನ್ನೊಂದು ಚೀಲ ತಗೊಂಡು ಲಗೂನ ಬರ್ರಿ."